ಹಸಿರು ಟ್ರಂಕಿನ ದೋಸ್ತಿ ಫೋಟೋಗಳು

1989 ಮೇ 14, ಭಾನುವಾರ. ಸಿಂಧನೂರು

ಬೇರೆ ಮನೆ ಸಿಕ್ಕಿತು! ಸಿಕ್ಕೇಬಿಟ್ಟಿತು! ಅತ್ತೆ ತಾವಾಗಿಯೇ ಹೂಂ ಅಂದರು. ಮದುವೆಯಾಗಿ ಮೂರು ವಾರ, ಮುಕ್ಕುಂದದ ಮನೆಯಲ್ಲಿ ಹನ್ನೊಂದು ಜನ, ಒಂದೇ ಬಚ್ಚಲು. ಇವತ್ತಿನಿಂದ ಸಿಂಧನೂರು. ಅವರ ಸ್ಟುಡಿಯೋ ಮೇಲಿನ ಎರಡು ರೂಮು. ನಾನು, ನನ್ನ ಎಸ್. — ಅಷ್ಟೇ! ಗಂಡನ ಹೆಸರು ಬರೆದರೆ ಆಯುಷ್ಯ ಕಡಿಮೆಯಾಗುತ್ತದಂತೆ, ಅತ್ತೆ ಹೇಳಿದ್ದು. ಒಂದೇ ಸಲ ಬರೆದುಬಿಡುತ್ತೇನೆ: ಶಿವಶರಣಪ್ಪ. ಆಯಿತು. ಇನ್ನು ಎಸ್. ಫೋಟೋಗ್ರಾಫರ್. ಮೂಗಿನ ತುದಿಯಲ್ಲಿ ಸಣ್ಣ ಮಚ್ಚೆ. ನನ್ನವನು.

ಸಾಮಾನು ಎತ್ತಿನ ಬಂಡಿಯಲ್ಲಿ ಬಂತು. ನನ್ನ ತವರು ಸೊಲ್ಲಾಪುರದಿಂದ ಬಂದ ಕಪಾಟಿಗಿಂತ ಮೊದಲು ಮೇಲೆ ಹತ್ತಿದ್ದು ಒಂದು ಹಸಿರು ಟ್ರಂಕು. ಬೀಗ ಹಾಕಿದ್ದು. ಯಾರ ಕೈಗೂ ಕೊಡದೆ ಎಸ್. ಒಬ್ಬರೇ ಹೊತ್ತರು.

"ಏನೈತ್ರಿ ಅದರಾಗ?"

"ಹಳೇ ನೆಗೆಟಿವ್. ಬೆಳಕು ಬಿದ್ರ ಕೆಡ್ತಾವ."

ಕೆಡಲಿ ಬಿಡಿ, ನಾನಿದ್ದೇನಲ್ಲ — ಅಂತ ಹೇಳಬೇಕೆಂದುಕೊಂಡೆ. ನಾಚಿಕೆಯಾಯಿತು.

ಮೇ 19, ಶುಕ್ರವಾರ

ಊರಿನವರೆಲ್ಲರ ಫೋಟೋ ತೆಗೆಯುತ್ತಾರೆ. ನನ್ನದು ಒಂದೂ ಇಲ್ಲ. ಕೇಳಿದರೆ "ತಗಿಯೋಣಂತ" ಅನ್ನುತ್ತಾರೆ. ಬೇರೆ ಎಲ್ಲದರಲ್ಲೂ ಎಷ್ಟು ಒಳ್ಳೆಯವರು! ನೀರು ತಂದುಕೊಡುತ್ತಾರೆ, ಮಲ್ಲಿಗೆ ತರುತ್ತಾರೆ. ತಂದದ್ದನ್ನು ಕಿಟಕಿಯ ಮೇಲೆ ಇಡುತ್ತಾರೆ. ತಾವಾಗಿ ಮುಡಿಸುವುದಿಲ್ಲ.

ನಿನ್ನೆ ಮಸ್ಕಿಗೆ ಹೋಗಿದ್ದರು. ಹೋದ ಗುರುವಾರವೂ. ಅದಕ್ಕೂ ಹಿಂದಿನ ಗುರುವಾರವೂ. ವಾಪಸ್ ಬಂದಾಗ ಶರ್ಟಿನಲ್ಲಿ ಅತ್ತರಿನ ವಾಸನೆ. ಸಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿದವರು ನನ್ನನ್ನು ನೋಡಿ ಸಿಳ್ಳೆ ನಿಲ್ಲಿಸಿದರು.

ಎದುರು ಮನೆಯ ಗದ್ದೆಮ್ಮ ನಲ್ಲಿಯ ಹತ್ತಿರ ಸಿಕ್ಕಾಗ ಹೇಳಿದ್ದು: "ಏನಬೇ ಸೊಲ್ಲಾಪುರದಾಕಿ, ನಿನ್ನ ಗಂಡ ವಾರಾ ಮಸ್ಕಿಗೆ ಹೋಗ್ತಾನಲ್ಲ, ಮಸ್ಕ್ಯಾಗ ಏನ್ ಇಟ್ಟಾನ? ಒಗ್ಗರಣಿ ಮಿರ್ಚಿ ಇಲ್ಲಿ ಸಿಗಂಗಿಲ್ಲೇನು?"

ನಕ್ಕೆ. ಮನೆಗೆ ಬಂದು ಆ ಶರ್ಟನ್ನು ಮೂರು ಸಲ ಒಗೆದೆ.

ಯಾರು ಅವಳು?

ಮೇ 25, ಗುರುವಾರ

ಇವತ್ತು ನಾನೂ ಬರುತ್ತೇನೆ ಎಂದೆ. ಹಟ ಹಿಡಿದೆ. ಗುಲಾಬಿ ಸೀರೆ, ಮ್ಯಾಚಿಂಗ್ ಬಳೆ. ಎಸ್. ಬಾಚಣಿಗೆ ಕೆಳಗಿಟ್ಟು "ಇವತ್ತ ಮಸ್ಕಿಗಲ್ಲ, ಲಿಂಗಸುಗೂರಿಗೆ ಹೋಗದೈತಿ, ಬಾ" ಎಂದರು.

ಲಿಂಗಸುಗೂರಿನಲ್ಲಿ ಕರಿಬಸಯ್ಯ ಎಂಬ ಮುದುಕರ ಸ್ಟುಡಿಯೋ. ಕಣ್ಣಿಗೆ ಪೊರೆ ಬಂದಿದೆ, ಮುಚ್ಚುತ್ತಿದ್ದಾರೆ. ಗೋಡೆಯ ಮೇಲೆ ಬಣ್ಣದ ಪರದೆ — ಸರೋವರ, ಹಂಸ. ಮುದುಕರು ಬಿಸ್ಕೀಟಿನ ಡಬ್ಬಿ ತಂದು ಎಸ್. ಮುಂದೆ ಸುರಿದರು. ತುಂಬಾ ಫೋಟೋ. ಎಲ್ಲ ಇಬ್ಬಿಬ್ಬರು ಗಂಡಸರು. ಶೇರವಾನಿ ಹಾಕಿದವರು, ಧೋತರದವರು, ಬೆಲ್‌ಬಾಟಮ್ಮಿನವರು. ಕೈಯಲ್ಲಿ ಕೈ. ಒಬ್ಬ ಕುರ್ಚಿಯಲ್ಲಿ, ಇನ್ನೊಬ್ಬ ಅದರ ತೋಳಿನ ಮೇಲೆ.

"ಇವು ದೋಸ್ತಿ ಫೋಟೋ ನೋಡವಾ," ಎಂದರು ಮುದುಕರು. "ಮದುವಿ ಗೊತ್ತಾತು ಅಂದ್ರ ಗೆಳ್ಯಾರಿಬ್ಬರೂ ಬಂದು ಒಂದು ಹೊಡಿಸ್ಕೊಂತಿದ್ರು. ನಿಜಾಮರ ಕಾಲದಿಂದ ಐತಿ ಈ ರೂಢಿ. ಹೊಡಿಸ್ಕೊಂಡು ಹೋದ್ರ ಹೋದ್ರು. ಒಯ್ಯಾಕ ಬರ್ತಿದ್ದಿಲ್ಲ."

"ಯಾಕ್ರೀ ಅಜ್ಜಾರ?"

"ಮನ್ಯಾಗ ಹೊಸಾ ಹೆಂಡ್ತಿ ಇರ್ತಿದ್ಲಲ್ಲ! ಎಲ್ಲಿ ಇಡಬೇಕು ಇದನ್ನ?" ನಗುತ್ತಾ ಎಸ್. ಕಡೆ ತಿರುಗಿದರು. "ನಿಂದೂ ಇತ್ತಲ್ಲೋ ಶರಣಪ್ಪ. ಒಯ್ದಿಯೇನು?"

ಎಸ್. ಕೆಮ್ಮಿದರು.

ಅಷ್ಟರಲ್ಲಿ ಹೊರಗೆ ಲಾರಿ ನಿಂತಿತು. ಉಸ್ಮಾನ್‌ಸಾಬ್ ಎಂಬ ಡ್ರೈವರ್, ಎಸ್. ಅವರ ಶಾಲೆಯ ಗೆಳೆಯ. ಮಸ್ಕಿಯವನು. ಸಿಂಧನೂರಿನ ಅಕ್ಕಿಯನ್ನು ಬೊಂಬಾಯಿಗೆ ಒಯ್ಯುತ್ತಾನೆ. "ಸಲಾಂ ಭಾಬಿ!" ಒಳಗೆ ಬರುವ ಮೊದಲೇ ಅತ್ತರು ಬಂತು. ಓ! ಅತ್ತರು ಇವನದು! ಮಸ್ಕಿಯಲ್ಲಿ ಹೆಂಗಸಿಲ್ಲ! ಎದೆ ಹೂವಾಯಿತು.

"ಲೇ ಶರಣ್ಯಾ, ಗುಲಾಬಿ ಸೀರಿ ಮುಂದ ನೀ ಬಣ್ಣ ಇಲ್ಲದ ಅಳ್ಳಿನ ಹಿಟ್ಟು ಕಂಡಂಗ ಕಾಣ್ತಿ," ಎಂದ ಉಸ್ಮಾನ್. ಎಸ್. ನಕ್ಕರು. ಹೊಟ್ಟೆಯಿಂದ, ತಲೆ ಹಿಂದೆ ಚೆಲ್ಲಿ. ಕಣ್ಣಲ್ಲಿ ನೀರು ಬರುವ ಹಾಗೆ.

ಆ ನಗು ಮೊದಲ ಸಲ ನೋಡಿದೆ. ಚೆನ್ನಾಗಿತ್ತು. ನನಗೆ ಯಾಕೆ ಇನ್ನೂ ಸಿಕ್ಕಿಲ್ಲ?

ಜೂನ್ 3, ಶನಿವಾರ

ಕೀ ಸಿಕ್ಕಿತು. ದೇವರ ಜಗಲಿಯಲ್ಲಿ, ವಿಭೂತಿ ಗಟ್ಟಿಯ ಕೆಳಗೆ. ಎಸ್. ಮದುವೆ ಆರ್ಡರಿಗೆ ಸಂತೆಕಲ್ಲೂರಿಗೆ ಹೋಗಿದ್ದಾರೆ. ತೆಗೆದೆ.

ಪ್ರೇಮಪತ್ರ ಇರುತ್ತದೆ, ಹೆಣ್ಣಿನ ಫೋಟೋ ಇರುತ್ತದೆ ಅಂದುಕೊಂಡಿದ್ದೆ. ಒಂದೂ ಇಲ್ಲ! ನೆಗೆಟಿವ್ ಕೂಡ ಇಲ್ಲ. ಜೋಡಿ ಫೋಟೋಗಳ ಕಟ್ಟುಗಳು, ಊರು ಬರೆದು ದಾರ ಕಟ್ಟಿದ್ದು — ಮುದಗಲ್, ರಾಯಚೂರು, ಗಂಗಾವತಿ. ಕೆಳಗೆ ಇಂಗ್ಲಿಷ್ ಮ್ಯಾಗಜೀನ್‌ಗಳು, ಅಮೆರಿಕದ್ದು, ಅಂಗೈ ಅಗಲದ ಹಳೆಯವು, 1957, 1962. ಚಡ್ಡಿ ಹಾಕಿದ ಪೈಲ್ವಾನರು, ಕಂಬಕ್ಕೆ ಒರಗಿ ನಿಂತವರು. ಕಲಾವಿದರ ಅಭ್ಯಾಸಕ್ಕೆ ಅಂತ ಒಳಗೆ ಬರೆದಿದೆ. ಗರಡಿ ಮನೆ ಹುಚ್ಚು! ಇಷ್ಟೇನಾ! ಉಸ್ಮಾನ್ ಬೊಂಬಾಯಿ ಫುಟ್‌ಪಾತಿನಿಂದ ತಂದುಕೊಟ್ಟಿರಬೇಕು. ಒಬ್ಬಳೇ ಕೂತು ನಕ್ಕೆ. ಎಂಥ ಪೆದ್ದಿ ನಾನು! ಸಂಜೆ ಹೋಳಿಗೆ ಮಾಡಿದೆ.

"ಏನ್ ವಿಶೇಷ ಇವತ್ತು?" ಎಂದರು.

"ಸುಮ್ನ," ಎಂದೆ.

ಜೂನ್ 5

ಮತ್ತೆ ತೆಗೆದೆ. ಓದುವುದಕ್ಕೆ ಏನಾದರೂ ಸಿಗುತ್ತದೆ ಅಂತ, ಅಷ್ಟೇ. ಈ ಊರಿನಲ್ಲಿ ಇಂಗ್ಲಿಷ್ ಪುಸ್ತಕ ಎಲ್ಲಿದೆ?

ಎಲ್ಲಕ್ಕಿಂತ ಹೊಸದು 1974ರದ್ದು. ಅದರಲ್ಲಿ ಓದುಗರ ಕಾಗದಗಳು. ಒಂದು ಓದಿದೆ. ಎರಡು. ಎಲ್ಲವನ್ನೂ.

ಗರಡಿ ಮನೆ ಅಲ್ಲ.

ಟ್ರಂಕಿನ ತಳದಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಒಂದು ಫೋಟೋ. ಸರೋವರ, ಹಂಸ. ಕುರ್ಚಿಯಲ್ಲಿ ಉಸ್ಮಾನ್, ತೋಳಿನ ಮೇಲೆ ಎಸ್. ಹಿಂದೆ ತಾರೀಖು — ನಮ್ಮ ಮದುವೆಗೆ ಆರು ದಿನ ಮುಂಚೆ. ಎಸ್. ಕ್ಯಾಮೆರಾ ನೋಡುತ್ತಿಲ್ಲ. ಉಸ್ಮಾನನನ್ನು ನೋಡುತ್ತಿದ್ದಾರೆ. ಆ ಮುಖ… ಅಕ್ಷತೆ ಬೀಳುವಾಗ ನಾನು ಅದೇ ಮುಖ ಹುಡುಕಿದ್ದೆ.

ಹೆಣ್ಣಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನನಗಿಂತ ಬೆಳ್ಳಗಿದ್ದಾಳೆಯೇ, ಜಡೆ ಉದ್ದವೇ ಅಂತ ಅಳೆಯಬಹುದಿತ್ತು. ಈ ಮೀಸೆಯವನ ಜೊತೆ ಏನನ್ನು ಅಳೆಯಲಿ?

ಜೂನ್ 16

ಹತ್ತು ದಿನ ಬರೆಯಲಿಲ್ಲ. ನನ್ನ ಫೋಟೋ ತೆಗೆಯಿರಿ, ಈಗಲೇ ಎಂದು ಕೆಳಗೆ ಸ್ಟುಡಿಯೋಕ್ಕೆ ಇಳಿದೆ. ತೆಗೆದರು. ಗದ್ದ ಸ್ವಲ್ಪ ಎಡಕ್ಕೆ, ಹೆಗಲು ಕೆಳಗೆ. ಎರಡು ಬೆರಳಿನಿಂದ ನನ್ನ ಗದ್ದ ತಿರುಗಿಸಿದರು, ಮೆತ್ತಗೆ, ಎಲ್ಲ ಗಿರಾಕಿಗಳಿಗೆ ಮಾಡುವ ಹಾಗೆ.

"ಸ್ವಲ್ಪ ನಗು."

"ನೀವು ನಗ್ರಿ ಮೊದಲು."

ನಕ್ಕರು. ಹಲ್ಲು ಮಾತ್ರ.

ಜೂನ್ 25, ಭಾನುವಾರ

ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಊಟಕ್ಕೆ ಉಸ್ಮಾನನನ್ನು ನಾನೇ ಕರೆಸಿದ್ದೆ. ಕೆಟ್ಟ ಯೋಚನೆ ಇರಲಿಲ್ಲ, ಆಣೆ. ಗೊತ್ತಿದೆ ಅಂತ ಹೇಳಿಬಿಡೋಣ, ಹಗುರಾಗೋಣ ಅಂದುಕೊಂಡಿದ್ದೆ. ರೊಟ್ಟಿ, ಎಣ್ಣೆಗಾಯಿ, ಮೊಸರು. ಬಡಿಸುತ್ತಾ ಹೇಳಿದೆ: "ಹಸರು ಪೆಟ್ಟಿಗ್ಯಾಗಿನ ಪುಸ್ತಕ ನಾ ನೋಡೀನ್ರಿ."

ಉಸ್ಮಾನನ ಕೈ ತಟ್ಟೆಯಲ್ಲೇ ನಿಂತಿತು. ಎಸ್. ಮುಖ ಸುಣ್ಣ.

"ಅಂಜಬ್ಯಾಡ್ರಿ. ಯಾರ ಮುಂದನೂ ಹೇಳಂಗಿಲ್ಲ."

ಮೊಸರಿನ ಗಡಿಗೆ ಅವರ ಕಡೆ ಸರಿಸಿದೆ. ಆಮೇಲೆ ಉಸ್ಮಾನ್, ತಲೆ ಎತ್ತದೆ: "ಭಾಬಿ, ಆರು ವರ್ಷ ಆತು ಕೂಡಿಡಾಕತ್ತಿ. ಚಿತ್ರ ನೋಡೀವಿ, ಅಷ್ಟ. ನಾ ನಾಕನೇತ್ತೆ. ಇಂವ ಎಸೆಸೆಲ್ಸಿ ಇಂಗ್ಲಿಷ್‌ನ್ಯಾಗ ಎರಡು ಸಲ ಡುಮ್ಕಿ. ಅದರಾಗ ಏನ್ ಬರದಾರ ಭಾಬಿ? ನಮ್ಮಂಥಾರು… ಆ ದೇಶದಾಗ ಹ್ಯಾಂಗ ಅದಾರ?"

ಆರು ವರ್ಷ! ಒಂದಕ್ಷರವೂ ತಿಳಿಯದೆ! ಎದೆ ಚುರುಕ್ ಎಂದಿತು. 1974ರದ್ದು ತಂದು ಕೂತೆ. ಸರಿಯಾಗಿಯೇ ಓದಿ ಹೇಳುವವಳಿದ್ದೆ.

ಅಷ್ಟರಲ್ಲಿ ಎಸ್. ಮಾತಿಲ್ಲದೆ, ನೋಡದೆ, ತಮ್ಮ ರೊಟ್ಟಿಯ ಗರಿಗರಿ ಅಂಚನ್ನು ಮುರಿದು ಉಸ್ಮಾನನ ತಟ್ಟೆಗೆ ಇಟ್ಟರು. ಅವನೂ ನೋಡದೆ ತಿಂದ. ಎರಡು ತಿಂಗಳಿಂದ ನಾನು ಆ ಅಂಚನ್ನು ಇನ್ನಷ್ಟು ಗರಿಗರಿಯಾಗಿ ಸುಟ್ಟು ಹಾಕುತ್ತಿದ್ದೇನೆ. ಅದು ಅವರಿಗೆ ಸೇರುವುದಿಲ್ಲ ಅಂತ ಒಂದು ಮಾತು ಹೇಳಿಲ್ಲ.

ಕಾಗದದಲ್ಲಿ ಇದ್ದದ್ದು: ಒಬ್ಬ ರೈತ. ಗೆಳೆಯನ ಜೊತೆ ಹದಿನೆಂಟು ವರ್ಷದಿಂದ ಒಂದೇ ಮನೆ. ಕೋಳಿ ಸಾಕಿದ್ದಾರೆ. ಊರಿಗೆ ಗೊತ್ತು, ಯಾರೂ ಕೇಳುವುದಿಲ್ಲ. ಒಂದು ಕಾಲಕ್ಕೆ ಮದುವೆಯಾಗಿ ಒಬ್ಬ ಹೆಣ್ಣುಮಗಳ ಬಾಳು ಹಾಳು ಮಾಡಿದೆ, ಅದೊಂದೇ ಸಂಕಟ, ಬೇರೆ ಯಾವುದೂ ಇಲ್ಲ ಅಂತ.

ನಾನು ಓದಿ ಹೇಳಿದ್ದು: ಒಬ್ಬ ರೈತ. ಗೆಳೆಯನನ್ನು ಬಿಟ್ಟ. ಮದುವೆಯಾದ. ಒಂದು ವರ್ಷ ಕಷ್ಟವಾಯಿತು, ಆಮೇಲೆ ಎಲ್ಲ ಮರೆತುಹೋಯಿತು. ಈಗ ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದಾನೆ. ಅದೆಲ್ಲ ಹರೆಯದ ಜ್ವರ, ಇಳಿಯುತ್ತದೆ ಅಂತ ಬರೆದಿದ್ದಾನೆ.

ಒಂದು ಕಡೆಯೂ ತಡವರಿಸಲಿಲ್ಲ. ಕಾನ್ವೆಂಟಿನ ಎಲೊಕ್ಯೂಷನ್ ಪ್ರೈಜ್ ಹುಡುಗಿ!

"ಮರೀತೈತಂತ?" ಎಂದ ಉಸ್ಮಾನ್.

"ಹಂಗ ಬರದಾನ್ರಿ."

ಕೈ ತೊಳೆದ. "ಊಟ ಭಾಳ ಚಲೋ ಇತ್ತು ಭಾಬಿ." ಮೆಟ್ಟಿಲು ಇಳಿದುಹೋದ. ಎಸ್. ಬೀಳ್ಕೊಡುವುದಕ್ಕೂ ಏಳಲಿಲ್ಲ.

ಜುಲೈ 2, ಭಾನುವಾರ

ಗುರುವಾರ ಎಸ್. ಮಸ್ಕಿಗೆ ಹೋಗಲಿಲ್ಲ! ಮನೆಯಲ್ಲೇ ಇದ್ದರು. ಮಲ್ಲಿಗೆ ತಂದು ತಾವೇ ಮುಡಿಸಿದರು. ಪಿನ್ನು ಚುಚ್ಚಿತು. ಹೇಳಲಿಲ್ಲ.

ಗೆದ್ದೆ. ಅಲ್ಲವೇ?

ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ಮರುದಿನದಿಂದ ಆಷಾಢ. ಹೊಸ ಸೊಸೆ ಗಂಡನ ಮನೆಯಲ್ಲಿ ಇರಬಾರದು. ಅಪ್ಪ ಕರೆಯಲು ಬಂದಿದ್ದಾರೆ. ಪಂಚಮಿ ಹಬ್ಬ ಮುಗಿಸಿಯೇ ವಾಪಸ್, ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ಒಂದು ತಿಂಗಳಿಗಿಂತ ಹೆಚ್ಚು! ನಾನು ಹೋದಮೇಲೆ ಉಸ್ಮಾನ್ ಬಂದರೆ?

ಜುಲೈ 20. ಸೊಲ್ಲಾಪುರ

ಮೂರು ಕಾಗದ ಬರೆದೆ. ಉತ್ತರವಿಲ್ಲ. ಗೆಳತಿಯರು ಕೆಣಕುತ್ತಾರೆ — ನಿನ್ನ ಗಂಡನ ಹಾಗೆ ಮೈಮೇಲೆ ಬೀಳದೆ ಕೈ ಕಟ್ಟಿ ಕೂರುವವರು ಸಿಗಬೇಕು ನೋಡು, ಅಂತ. ನಗುತ್ತೇನೆ. ಈಗ ಲಿಂಗಸುಗೂರಿನ ಡಬ್ಬಿ ನೆನಪಾಗುತ್ತದೆ. ಒಯ್ಯದೆ ಬಿಟ್ಟ ಅಷ್ಟೊಂದು ಫೋಟೋ. ಅಷ್ಟೂ ಮನೆಗಳಲ್ಲಿ ನನ್ನಂಥ ಒಬ್ಬೊಬ್ಬಳು ರೊಟ್ಟಿ ಸುಡುತ್ತಿದ್ದಳೇ?

ಜುಲೈ 31, ಸೋಮವಾರ. ಮಧ್ಯಾಹ್ನ

ಬಂತು. ಎಸ್. ಕಾಗದ. ಎರಡು ಪುಟ, ಉರುಟು ಅಕ್ಷರ. ಹೀಗಿದೆ:

"ಕಸ್ತೂರಿ, ನೀ ಆರಾಮ ಇದ್ದೀ ಅಂತ ತಿಳದೀನಿ. ಉಸ್ಮಾನ್ ಮದುವಿಗೆ ಒಪ್ಯಾನ. ಅವರವ್ವ ಶಂಶಾದ್‌ಬೀ ವರ್ಷಗಟ್ಟಲೆ ಬೆನ್ನ ಹತ್ತಿದ್ಲು, ಈಗ ಹೂಂ ಅಂದಾನ. ಹುಡುಗಿ ಹೆಸರು ಮೆಹರಬಾನು. ಮೊಹರಂ ಚಂದ್ರ ಕಾಣೋದರೊಳಗ ಮಾತು ಮುಗಸ್ಬೇಕಂತ, ಗುರುವಾರ ಹುಡುಗಿ ಮನಿಗೆ ಹೊಂಟಾರ. ಆ ಕಾಗದದ ಮನಷ್ಯಾಗ ಆದಂಗ ತನಗೂ ಮರೀತೈತಿ ಅಂತಾನ. ನಾನೂ ನಂಬೀನಿ. ನೀ ಓದಿ ಹೇಳಿದ್ದು ಚಲೋ ಆತು. ಪೆಟ್ಟಿಗಿ ಸಹಿತ ಎಲ್ಲಾ ಅವತ್ತ ಗುಜರಿಗೆ ಹಾಕ್ತೀನಿ. ನಮ್ಮ ಫೋಟೋನೂ. ಇನ್ನ ನಿನಗ ಚಲೋ ಗಂಡ ಆಗ್ತೀನಿ."

ಇದನ್ನೇ ಬೇಡಿಕೊಂಡಿದ್ದೆ. ಅಕ್ಷರ ಅಕ್ಷರ ಇದನ್ನೇ. ಮೂರು ಸಲ ಓದಿದೆ, ಒಂದು ಸಲವೂ ಕುಣಿಯಬೇಕು ಅನ್ನಿಸಲಿಲ್ಲ.

ಮೆಹರಬಾನು. ಅವಳೂ ಈಗ ಬಳೆ ಆರಿಸುತ್ತಿರಬಹುದು. ಮ್ಯಾಚಿಂಗ್. ಅವಳ ಗಂಡನ ಶರ್ಟಿನಲ್ಲಿ ಫೋಟೋ ತೊಳೆಯುವ ಔಷಧಿಯ ವಾಸನೆ ಬಂದರೆ ಯಾರನ್ನು ಹುಡುಕುತ್ತಾಳೆ? ನಾನು ಹೇಳಿದ ಸುಳ್ಳಿನ ಮೇಲೆ ಅವಳ ಮೆಹಂದಿ.

ಅವ್ವನಿಗೆ ಹೊರಡುತ್ತೇನೆ ಎಂದೆ.

"ಪಂಚಮಿ ಮುಂದಿಟ್ಕೊಂಡು? ಹುಚ್ಚಿ ಏನ ನೀ? ಕರಿಯಾಕ ಯಾರೂ ಬಂದಿಲ್ಲ, ತಾನಾಗಿ ಹೋದಾಕಿ ಅಂತ ನಾಳೆ ಬೀಗರು ಆಡ್ಕೊಳ್ಳಂಗಿಲ್ಲೇನ?"

"ಆಡ್ಕೊಳ್ಳಿ ಬಿಡಬೇ."

"ನಾಳಿ ಅಮಾಸಿ. ಹೊಸ್ತಲಾ ದಾಟಗೊಡಂಗಿಲ್ಲ ನಾ."

ಹಾಗಾದರೆ ನಾಡಿದ್ದು.

ನಾನೇನೂ ಒಳ್ಳೆಯವಳಾಗಿಬಿಟ್ಟಿಲ್ಲ. ಈಗಲೂ ಉರಿಯುತ್ತದೆ. ಆ ರೊಟ್ಟಿಯ ಅಂಚು ನೆನೆದರೆ ಈಗಲೂ. ಎಸ್. ನನಗೆ ಏನಾಗುತ್ತಾರೆ, ನಾನು ಎಲ್ಲಿ ಇರುತ್ತೇನೆ, ಅಪ್ಪನಿಗೆ ಏನು ಹೇಳುತ್ತೇನೆ — ಒಂದೂ ಗೊತ್ತಿಲ್ಲ. ಆದರೆ ಆ ಕಾಗದವನ್ನು ಇನ್ನೊಮ್ಮೆ ಓದಬೇಕು, ಇಬ್ಬರನ್ನೂ ಕೂರಿಸಿ, ಕೋಳಿಗಳ ಸಮೇತ, ಆ ಹೆಣ್ಣುಮಗಳ ಸಮೇತ. ಗುರುವಾರ ಬೆಳಗ್ಗೆ ಅವರು ಹೊರಡುವುದರೊಳಗೆ. ಆಮೇಲೆ ಅವರಿಗೆ ತಿಳಿದದ್ದು ಅವರು ಮಾಡಲಿ.

ಟೆಲಿಗ್ರಾಂ ಕೊಡಲು ಹೊರಟಿದ್ದೇನೆ. ಮೂರು ಸಲ ಬರೆದು ಹರಿದೆ. ಪೋಸ್ಟಾಫೀಸಿನವನು ಓದಿದರೂ ತಿಳಿಯಬಾರದು, ಎಸ್.ಗೆ ತಿಳಿಯಬೇಕು. ಕಡೆಗೆ ಇಷ್ಟು ಉಳಿಯಿತು:

ಪೆಟ್ಟಿಗೆ ಗುಜರಿಗೆ ಹಾಕಬೇಡಿ. ಕಾಗದ ತಪ್ಪು ಓದಿದೆ. ಬೇಕೆಂದೇ. ಉಸ್ಮಾನನನ್ನು ಕರೆದುಕೊಂಡು ರಾಯಚೂರು ಸ್ಟೇಷನ್ನಿಗೆ ಬನ್ನಿ. ಬುಧವಾರ, ಮದ್ರಾಸ್ ಮೇಲ್ —