ಹದಿನೇಳನೇ ನಂಬರಿನ ಬೆನ್ನುಮೂಳೆ

ಅಮ್ಮಾ,

ಇವತ್ತು ಪಿಎಚ್‌ಡಿ ಸಂದರ್ಶನದಲ್ಲಿ ನಿನ್ನ ಸ್ಕ್ಯಾನ್ ತೋರಿಸಿದೆ. ನೀನು ತೀರಿಹೋಗುವ ಹಿಂದಿನ ವರ್ಷ, ನನ್ನ ಅಧ್ಯಯನಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಜೆಜು ದ್ವೀಪದಿಂದ ಬಂದು ಸ್ಕ್ಯಾನ್ ಯಂತ್ರದಲ್ಲಿ ಮಲಗಿದ್ದೆಯಲ್ಲ, ಅದೇ. ನನಗೆ ಬೇಕಿದ್ದದ್ದು ಸೊಂಟದ ಮೂಳೆ. ಉಳಿದದ್ದನ್ನು ನೋಡಿರಲಿಲ್ಲ.

ಪ್ರೊಫೆಸರ್ ಪ್ಯೋ ನೋಡಿದರು. “ಬೆನ್ನುಮೂಳೆ ಮೂರು ಕಡೆ ಕುಸಿದಿದೆಯಲ್ಲಮ್ಮ. ಏನ್ ಕೆಲಸ ಮಾಡ್ತಿದ್ರು ಇವರು?”

“ಸೊಂಟಕ್ಕೆ ಸೀಸದ ತೂಕ ಕಟ್ಕೊಂಡು ಸಮುದ್ರದಲ್ಲಿ ಮುಳುಗಿ ಚಿಪ್ಪು ತೆಗೀತಿದ್ರು ಸರ್.”

“ಇಷ್ಟು ನೋವಿಟ್ಕೊಂಡಾ? ಮನೇಲಿ ಯಾರೂ ಗಮನಿಸ್ಲಿಲ್ವಾ?”

“ಗೊತ್ತಿಲ್ಲ ಸರ್. ನಮ್ಮ ಹತ್ರ ಹೆಸರಿಲ್ಲ; ಕೆಲಸ, ನಂಬರ್ ಅಷ್ಟೇ ಇರೋದು. ಇವ್ರದ್ದು ಹದಿನೇಳು.”

ಮುಂದಿನ ಚಿತ್ರಕ್ಕೆ ಹೋದೆ. ಸೀಟು ಸಿಕ್ಕಿತು.

ಅವತ್ತು ಯಂತ್ರದಿಂದ ಎದ್ದು ಬಂದು ನೀನು ಕೇಳಿದ್ದೆ, “ಎಲ್ಲಾ ಸರಿಯಾಗಿದೆಯೇನೇ?”

ಪರದೆಯಿಂದ ಕಣ್ಣೆತ್ತದೆ, “ಚೆನ್ನಾಗಿ ಬಂದಿದೆ” ಅಂದೆ. ನಾನು ಹೇಳಿದ್ದು ಸ್ಕ್ಯಾನ್ ಚಿತ್ರದ ಮಾತು.

ನೀನು ನೆಮ್ಮದಿಯಿಂದ ಊರಿಗೆ ಹೋಗಿ, ಮರುದಿನವೇ ಸೀಸ ಕಟ್ಟಿಕೊಂಡು ನೀರಿಗಿಳಿದೆ.