ಹದಿನಾಲ್ಕು ದಿನ ಪುಕ್ಕಟೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಮೂರು ಅಚ್ಚು ಹೊಯ್ದಾಯಿತು. ಪ್ಲಾಸ್ಟರ್ ಗಟ್ಟಿಯಾಗುವ ತನಕ ಪುರುಸೊತ್ತು.

ದೊಡ್ಡ ಕ್ಲಿನಿಕ್ಕಿನ ಡಾಕ್ಟರಮ್ಮನ ಫೋನ್. ಕಳೆದ ತಿಂಗಳು ಅವರ ಎರಡು ಈಮೇಲ್ ನನ್ನ ಕಣ್ಣಿಗೇ ಬೀಳಲಿಲ್ಲ, ಕಟ್ಟುಹಲ್ಲಿನ ಎರಡು ಸೆಟ್ ತಡವಾದವು. "ಇನ್ನೊಂದ್ಸಲ ಹೀಗಾದ್ರೆ ಬೇರೆ ಲ್ಯಾಬ್ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ" ಎಂದರು. ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ಅವರದೇ. ಅದು ಹೋದರೆ ಲ್ಯಾಬಿಗೆ ಬೀಗ.

ಆ ಗಾಬರಿಯಲ್ಲೇ ಒಂದು ಆ್ಯಪ್ ಹಾಕಿಕೊಂಡೆ. ಈಮೇಲ್, ಕ್ಯಾಲೆಂಡರ್, ಕೆಲಸದ ಪಟ್ಟಿ, ನೋಟ್ಸ್, ಚಾಟ್... ಎಲ್ಲ ಒಂದರಲ್ಲೇ. ಹದಿನಾಲ್ಕು ದಿನ ಪುಕ್ಕಟೆ. ಆಮೇಲೆ ತಿಂಗಳಿಗೆ ತಲೆಗಿಷ್ಟು. ಒಂದು ತಲೆಗೆ ಒಂದು ಮೂಟೆ ಪ್ಲಾಸ್ಟರಿನ ಬೆಲೆ!

ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದ ನಾದಿನಿ ತಲೆ ಎತ್ತದೆ ಕೇಳಿದಳು: "ಅತ್ತಿಗೆ, ಅದು ಹಲ್ಲು ಜೋಡಿಸುತ್ತಾ?"

ಮಾರ್ಚ್ 4. ಮಧ್ಯಾಹ್ನ

212 ಓದದ ಮೇಲ್ ಇದ್ದವು. ಈಗ ಸೊನ್ನೆ. ಉದ್ದುದ್ದ ಮೇಲ್‌ಗಳನ್ನು ಅದೇ ಓದಿ ಎರಡು ಸಾಲಿನ ಸಾರಾಂಶ ಕೊಡುತ್ತದೆ. ಟೈಪ್ ಮಾಡಲು ಬೇಜಾರಾದರೆ ಮಾತಾಡಿ ಕಳಿಸಬಹುದು, ದನಿಯೇ ಮೇಲ್‌ನಲ್ಲಿ ಹೋಗುತ್ತದೆ. ನಾದಿನಿಗೆ ತೋರಿಸಿದೆ. "ಹೂಂ" ಎಂದಳು, ಅಷ್ಟೆ.

ಇವಳ ಫೈಲ್ ಎಂದರೆ ಪ್ಲಾಸ್ಟರ್ ಅಚ್ಚು. ಕಿವಿಯ ಪೆನ್ಸಿಲ್ ತೆಗೆದು ಅದರ ಮೇಲೆಯೇ ಗೀಚುತ್ತಾಳೆ: "ಎಡಗಡೆ ಅಗಿಯೋದು ಜಾಸ್ತಿ." "ವಯಸ್ಸಾಗಿದೆ, ತುದಿ ಸ್ವಲ್ಪ ಸವೆಸು." ನನ್ನ ಗಂಡನ ತಂಗಿ ಅಂತ ಹೇಳುತ್ತಿಲ್ಲ, ಹದಿನೈದು ವರ್ಷದಲ್ಲಿ ಇಂಥ ಕೈ ನಾನು ಇನ್ನೊಂದು ನೋಡಿಲ್ಲ. ಡಾಕ್ಟರುಗಳಿಗೆ ಬರೆಯುವುದು ಮಾತ್ರ ನಾನು. "ನಮ್ಮ ಸಹಾಯಕಿ ಹೇಳುವ ಪ್ರಕಾರ..."

ಮಾರ್ಚ್ 7. ಸಂಜೆ 5

ಅರ್ಜೆಂಟಿಗೆ ಕೆಂಪು, ಸೆಟ್ಟಿಗೆ ಹಸಿರು, ರಿಪೇರಿಗೆ ನೀಲಿ. ಮಧ್ಯಾಹ್ನವೆಲ್ಲ ಬಣ್ಣ ಹಚ್ಚುವುದರಲ್ಲೇ ಹೋಯಿತು. ನಾದಿನಿ "ಕೆಲಸ ಇಲ್ಲದ ಬಡಗಿ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಮುಂದಿನದು ನನಗೂ ಗೊತ್ತು.

ದೊಡ್ಡ ಕ್ಲಿನಿಕ್ಕಿನಿಂದ ಹೊಸ ಕೆಲಸ. ರಿಟೈರಾದ ಟೀಚರ್ ಒಬ್ಬರು, ಪೂರ್ತಿ ಸೆಟ್. 15ಕ್ಕೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುತ್ತಿದ್ದಾರೆ, ಇವರು ಮಾತಾಡಬೇಕು. 

"ಹಳೇ ಫೋಟೋ ಕಳಿಸಿಲ್ವಾ?" ಎಂದಳು ನಾದಿನಿ. 

"ಸಾರಾಂಶದಲ್ಲಿ ಎಲ್ಲಾ ಇದೆ. ಪೂರ್ತಿ ಸೆಟ್ಟು, ಬಣ್ಣ, 14ಕ್ಕೆ ಬೇಕು. ಇನ್ನೇನು?" 

ಅಚ್ಚಿನ ಮೇಲೆ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟಳು.

ಮಾರ್ಚ್ 11. ಬೆಳಿಗ್ಗೆ 11

ಹೋಯಿತು. ಎಲ್ಲ ಹೋಯಿತು.

ಬಾಯಲ್ಲಿಟ್ಟು ನೋಡಲು ಟ್ರಯಲ್‌ಗೆ ಕಳಿಸಿದ್ದ ಮೇಣದ ಸೆಟ್ ವಾಪಸ್ ಬಂದಿದೆ. ಡಾಕ್ಟರಮ್ಮ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ಟೀಚರ್ ಕನ್ನಡಿ ನೋಡ್ಕೊಂಡು 'ಇದು ಯಾರ ಬಾಯಿ?' ಅಂದ್ರು. ನನ್ನ ಮೇಲ್ ಓದಿದ್ರಾ ನೀವು?"

ಈಗ ಓದಿದೆ, ಪೂರ್ತಿ. ಆರನೇ ಸಾಲು: ಮುಂದಿನ ಎರಡು ಹಲ್ಲಿನ ನಡುವೆ ಸಂದು ಇರಲೇಬೇಕು, ಫೋಟೋ ಲಗತ್ತಿಸಿದೆ. ಸಾರಾಂಶ ಅದನ್ನು ನುಂಗಿ ಕೂತಿತ್ತು. ತಪ್ಪು ಅದರ ಮೇಲೆ ಹಾಕಿ ಏನು ಬಂತು? ಓದದವಳು ನಾನು. ಕೇಳಿದವಳ ಬಾಯಿ ಮುಚ್ಚಿಸಿದವಳೂ ನಾನೇ. ಇವಳೆದುರು ತಲೆ ಎತ್ತಲು ನಾಚಿಕೆ.

ಅದೇ ದಿನ. 12.30

ಫೋಟೋ ಮಸುಕು. ಸಂದು ಕಾಣುತ್ತದೆ, ಅಳತೆ ಸಿಗುವುದಿಲ್ಲ. "ನಾನು ಡಾಕ್ಟರಿಗೆ ಬರೀತೀನಿ" ಎಂದೆ.

"ನೀವು ಬರೆಯೋದು ಬೇಡ ಅತ್ತಿಗೆ. ಮಾತಾಡಿ ಕಳಿಸ್ಬಹುದು ಅಂದ್ರಲ್ಲ. ಕೊಡಿ ಇಲ್ಲಿ."

ಕೊಟ್ಟೆ. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ. "ಡಾಕ್ಟ್ರೇ, ಹಲ್ಲು ಜೋಡಿಸೋಳು ಮಾತಾಡ್ತಿರೋದು. ಆ ಸಂದು ಬರೀ ನೋಡೋಕಾ, ಇಲ್ಲ ಅದರಿಂದ ಅವರಿಗೇನಾದ್ರೂ ಉಪಯೋಗ ಇತ್ತಾ? ಟೀಚರನ್ನೇ ಕೇಳಿ. ಅವರ ಬಾಯಲ್ಲೇ ಹೇಳಿಸಿ ಕಳಿಸಿ."

ಉಪಯೋಗ! ಹಲ್ಲಿನ ಸಂದಿಗೆ! ನಾನಾಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಮಾರ್ಚ್ 12. ಬೆಳಿಗ್ಗೆ 10

ಟೀಚರ್ ದನಿ ಬಂತು. ಹಲ್ಲಿಲ್ಲದ ಬಾಯಿ, ಆದರೂ ಗತ್ತು ಹಾಗೇ ಇದೆ. "ಪೆನ್ಸಿಲ್ಲಿನ ಸೀಸ ತೂರೋವಷ್ಟು ಕಣಮ್ಮಾ. ಕ್ಲಾಸಲ್ಲಿ ಗಲಾಟೆಯಾದ್ರೆ ಅದರಿಂದ್ಲೇ ಒಂದು ಸಿಳ್ಳೆ ಹಾಕ್ತಿದ್ದೆ. ಸೂಜಿ ಬಿದ್ರೂ ಕೇಳ್ಬೇಕು, ಹಂಗಾಗೋದು ಕ್ಲಾಸು!"

ನಾದಿನಿ ನಾಲ್ಕು ಸಲ ಕೇಳಿದಳು. ಕಿವಿಯ ಪೆನ್ಸಿಲ್ ತೆಗೆದು ಸೀಸ ನೋಡಿದಳು, ನಕ್ಕಳು. ಆ ಸೀಸದ ಅಳತೆಗೇ ಮುಂದಿನ ಹಲ್ಲು ಮತ್ತೆ ಜೋಡಿಸತೊಡಗಿದಳು.

ಕೊನೆಯಲ್ಲಿ ಡಾಕ್ಟರಮ್ಮನ ದನಿಯೂ ಇತ್ತು: "ಇವರು ಯಾರ್ರೀ? ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

ಬಚ್ಚಿಟ್ಟಿದ್ದೆನೇ? ...ಹೌದು.

ಮಾರ್ಚ್ 14

ಸೆಟ್ ಹೊತ್ತಿಗೆ ಸರಿಯಾಗಿ ಹೋಯಿತು. ನಿನ್ನೆಯ ಟ್ರಯಲ್‌ನಲ್ಲಿ ಟೀಚರ್ ಕನ್ನಡಿ ಕೆಳಗಿಡಲೇ ಇಲ್ಲವಂತೆ. ಆದರೆ ಸಿಳ್ಳೆ? ಮೇಣದ ಸೆಟ್ಟಿನಲ್ಲಿ ಊದಲು ಡಾಕ್ಟರಮ್ಮ ಬಿಡಲಿಲ್ಲ. ಮುಂದಿನ ಕೆಲಸದ ವಿಷಯ ಸೋಮವಾರ ಹೇಳುತ್ತಾರಂತೆ.

ದುಡ್ಡು ಕೊಟ್ಟು ಆ್ಯಪ್ ಇಟ್ಟುಕೊಳ್ಳುವುದೇ? ಕ್ಯಾಲೆಂಡರ್ ತೆರೆದದ್ದು ಎರಡು ಸಲ. ನೋಟ್ಸಿನಲ್ಲಿ ಇರುವುದು ಸೋಪು, ಬಲ್ಬು. ಚಾಟ್ ಯಾರ ಜೊತೆ ಮಾಡಲಿ, ಇವಳು ಕೂರುವುದು ಒಂದು ಮಾರು ದೂರದಲ್ಲಿ. ಸಾರಾಂಶವನ್ನಂತೂ ಬಂದ್ ಮಾಡಿದೆ. ಉಳಿದದ್ದು ಒಂದೇ, ಆ ದನಿ. ನಮ್ಮ ಮನೆಯವರನ್ನು ಕೇಳಿದೆ. "ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ದುಡ್ಡು ಕೊಡೋದಾದ್ರೆ ಯೋಚನೆ ಮಾಡು" ಎಂದರು. ಹತ್ತಕ್ಕೆ ದುಡ್ಡು ಕೊಟ್ಟು ಒಂದನ್ನು ಬಳಸುವುದು ದಂಡವೇ ಇರಬಹುದು. ಆದರೆ ಬಾಯಲ್ಲಿ ಮೂವತ್ತೆರಡು ಇದ್ದರೂ ನಾವು ಅಗಿಯುವುದು ಒಂದೇ ಕಡೆ ತಾನೆ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 9.40

ಪುಕ್ಕಟೆ ಇವತ್ತಿಗೆ ಮುಗಿಯಿತು. ಬಾಗಿಲು ತೆಗೆಯುವ ಹೊತ್ತಿಗೆ ಕ್ಲಿನಿಕ್ಕಿನಿಂದ ಮೇಲ್. ಒಂದಕ್ಷರ ಇಲ್ಲ, ಹತ್ತು ಸೆಕೆಂಡಿನ ದನಿ ಮಾತ್ರ.

ಒತ್ತಿದೆ. ಜನರ ಗುಜುಗುಜು, ಕುರ್ಚಿ ಎಳೆದಾಟ. ಆಮೇಲೆ ಒಂದು ಸಿಳ್ಳೆ! ತೆಳ್ಳಗೆ, ಚೂಪಾಗಿ. ತಟ್ಟನೆ ನಿಶ್ಶಬ್ದ. ಮರುಕ್ಷಣ ಕೋಣೆ ತುಂಬ ನಗು, ಐವತ್ತು ದಾಟಿದ ಆ ಹಳೆಯ ವಿದ್ಯಾರ್ಥಿಗಳೆಲ್ಲ ಮಕ್ಕಳಂತೆ ನಗುತ್ತಿದ್ದರು.

"ಇನ್ನೊಂದ್ಸಲ ಹಾಕಿ" ಎಂದಳು ನಾದಿನಿ. ಹಾಕಿದೆ. ನನಗೆ ಕಣ್ಣು ತುಂಬಿತು, ಅವಳಿಗೂ. ಪ್ಲಾಸ್ಟರ್ ಧೂಳು ಎಂದಳು.

ಹಿಂದೆಯೇ ಇನ್ನೊಂದು ಮೇಲ್. ನಾಲ್ಕು ಹೊಸ ಸೆಟ್‌ಗಳ ಕೆಲಸ. ಈ ಸಲ ಪೂರ್ತಿ ಓದಿದೆ, ಎರಡು ಸಲ. ಕೊನೆಯ ಸಾಲು: "ಇನ್ನು ಮುಂದೆ ಹಲ್ಲು ಜೋಡಿಸುವವರ ಜೊತೆಗೇ ನೇರ ಮಾತು."

ಎರಡು ತಲೆಗೆ ಚಂದಾ ಕಟ್ಟಿದೆ. "ನನಗ್ಯಾಕೆ ದಂಡ?" ಎಂದಳು. ಎರಡನೆಯ ಚೌಕದಲ್ಲಿ ಅವಳ ಹೆಸರು ಟೈಪ್ ಮಾಡಿದೆ. ಕೆಳಗೆ ಹುದ್ದೆ ಕೇಳಿತು. ಬೆರಳು ತಾನಾಗಿಯೇ "ಸಹಾಯಕಿ" ಎಂದು ಹೊಡೆಯಿತು. ಅಳಿಸಿದೆ.

"ಏನಂತ ಹಾಕಲಿ?"

ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ಕೈ ಒರೆಸಿಕೊಂಡು ಬಂದಳು. "ಏಳಿ, ನಾನೇ ಬರೀತೀನಿ." ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ನಾನು ಇದನ್ನು ಅವಳ ಮೇಣದ ಮೇಜಿನಲ್ಲಿ ಬರೆಯುತ್ತಿದ್ದೇನೆ. ಒಂದೊಂದೇ ಕೀಲಿ, ನಿಧಾನ... ಮೂರು ಅಕ್ಷರ ಆದವು. ಇಣುಕಿ ನೋಡಿದೆ: "ಹಲ್ಲು ಜೋ..."