ಅತ್ತೆಯ ಕೈಗೊಪ್ಪಿದ ಪಾಲಿಶ್ ಮಷೀನು

ಪ್ರೀತಿಯ ಅತ್ತೆ,

ನಿಮ್ಮ ತಂಗಿಯ ಮನೆಯಲ್ಲಿ ಹಾಯಾಗಿದ್ದೀರೆಂದು ಫೋನಿನಲ್ಲಿ ಹೇಳಿದಿರಿ. ಫೋನಿನಲ್ಲಿ ನಮ್ಮಿಬ್ಬರ ಮಾತು ಹಾಲು, ಗ್ಯಾಸು, ಔಷಧಿ ದಾಟುವುದೇ ಇಲ್ಲ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡೇ ಓದಿ.

ನೀವು ಆ ಹಳೇ ನೀಲಿ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟೆಲಿಫೋನ್ ಕಚೇರಿಗೆ ಜೀವಮಾನವಿಡೀ ಬಸ್ಸಿನಲ್ಲಿ ನಿಂತು ಹೋಗಿಬಂದವರು, ನಿವೃತ್ತಿಯಾದ ಮೇಲೆ "ಇನ್ನು ಕೂತ್ಕೊಂಡು ಹೋಗ್ತೀನಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದಿರಿ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಬಣ್ಣ ಮಾತ್ರ ಕಳೆಗುಂದಿತ್ತು. ಬಿಸಿಲಿಗೆ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆ ಹಾಸಿದಂತೆ ಸಣ್ಣ ಗೀರುಗಳು. ಬೆಳಗಾದರೆ ಬಟ್ಟೆ, ಪಾಲಿಶ್ ಡಬ್ಬಿ ಹಿಡಿದು ನೀವು ಹಾಡು ಗುನುಗುತ್ತ ಉಜ್ಜುತ್ತಿದ್ದಿರಿ.

ಆಮೇಲೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಕಸುವು ಪೂರ್ತಿ ಬರಲಿಲ್ಲ. ಕಾರು ಓಡಿಸಬಹುದು, ಉಜ್ಜುವುದು ಬೇಡವೇ ಬೇಡ ಎಂದರು ವೈದ್ಯರು. ನಿಮ್ಮ ಮಗನಿಗೆ ಅಷ್ಟೇ ಸಾಕಾಯಿತು. ಕಾರು ಮಾರಿಬಿಡೋಣವೆಂದು ಆಫೀಸಿನ ಗೆಳೆಯರೊಬ್ಬರನ್ನು ಭಾನುವಾರ ನೋಡಲು ಬರಹೇಳಿದರು. ನೀವು ಜಗಳವಾಡಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ಕಿಟಕಿಗೆ ಬೆನ್ನು ಮಾಡಿ ಕೂರತೊಡಗಿದಿರಿ.

ನಾನು ಹಲ್ಲಿನ ಸೆಟ್ಟು ಮಾಡುವವಳು, ದಿನವಿಡೀ ಪುಟ್ಟ ಯಂತ್ರದಲ್ಲಿ ಹಲ್ಲುಗಳಿಗೆ ಹೊಳಪು ಕೊಡುವವಳು. ಕೆಲಸದ ನಡುವೆ ಫಕ್ಕನೆ ಹೊಳೆಯಿತು, ಕಾರಿಗೂ ಇಂಥದೊಂದು ಇರಬೇಕಲ್ಲ! ವೈದ್ಯರಿಗೆ ಫೋನು ಮಾಡಿದೆ. ಹಗುರವಾದದ್ದಾದರೆ, ನಡುನಡುವೆ ಕೈಗೆ ಬಿಡುವು ಕೊಟ್ಟರೆ, ಆಗಬಹುದು ಎಂದರು. ಮರುದಿನವೇ ನಿಮ್ಮನ್ನು ಎಬ್ಬಿಸಿಕೊಂಡು ಅಂಗಡಿಗೆ ಹೊರಟೆ.

ಅಂಗಡಿಯವರು ಮೊದಲು ಕೈಗಿತ್ತದ್ದು ಉದ್ದ ವೈರಿನ ದೊಡ್ಡ ಮಷೀನು. ಎತ್ತಿದಿರಿ, ಎಡಗೈಯನ್ನೂ ಆಸರೆ ಕೊಡಬೇಕಾಯಿತು. "ಇದು ನನ್ನನ್ನೇ ಎಳ್ಕೊಂಡು ಹೋಗುತ್ತೆ" ಎಂದು ನಕ್ಕಿರಿ, ಆದರೆ ಮುಖ ಸಪ್ಪಗಾಯಿತು. ಆಗಲೇ ಬಾಗಿಲ ಕಡೆ ತಿರುಗಿದ್ದಿರಿ. ನಾನು ಬಿಡಲಿಲ್ಲ. "ಚಿಕ್ಕದು ತೋರಿಸಿ, ಬ್ಯಾಟರೀದು" ಎಂದೆ.

ಎರಡು ಬಂದವು. ಒಂದರ ಸ್ಪಂಜಿನ ಬಿಲ್ಲೆ ಬರೀ ಗರಗರ ತಿರುಗುವುದು. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ಬಣ್ಣ ಸುಟ್ಟೀತು. ಇನ್ನೊಂದು ತಿರುಗುತ್ತಲೇ ಓಲಾಡುವುದು; ಕೆಲಸ ನಿಧಾನ, ಹೊಸಬರ ತಪ್ಪನ್ನು ಮಾತ್ರ ಹೊಟ್ಟೆಗೆ ಹಾಕಿಕೊಳ್ಳುತ್ತದೆ. "ನಿಧಾನದ್ದೇ ಕೊಡಿ, ನನಗೇನು ಬಸ್ಸು ತಪ್ಪುತ್ತಾ?" ಎಂದಿರಿ. ದೊಡ್ಡ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಂದರು ಅಂಗಡಿಯವರು. ಹಾಕಿ ನೋಡಿದರೆ ಭಾರವೆಲ್ಲ ಮಣಿಕಟ್ಟಿನ ಮೇಲೆ. ಸಣ್ಣವೇ ಎರಡು ಕೇಳಿದಿರಿ, ಒಂದು ಚಾರ್ಜ್ ಆಗುವಾಗ ಇನ್ನೊಂದು. ಆಮೇಲೆ ಮಷೀನನ್ನು ಹಿಡಿದುಕೊಂಡೇ ಅಂಗಡಿಯವರ ಯೋಗಕ್ಷೇಮ ವಿಚಾರಿಸತೊಡಗಿದಿರಿ. ಅವರಿಗೋ ಖುಷಿ. ಮಗಳ ಪರೀಕ್ಷೆ, ಹೆಂಡತಿಯ ಮಂಡಿನೋವು ಎಲ್ಲ ಬಂತು. ನನಗೆ ನಾಚಿಕೆಯಾಗಿ ಕಣ್ಸನ್ನೆ ಮಾಡಿದೆ. ನೀವು ಮೆಲ್ಲಗೆ ನನ್ನ ಕಿವಿಯಲ್ಲಿ, "ಇಷ್ಟು ಹೊತ್ತು ಹಿಡಿದ್ರೂ ಕೈ ನೋಯ್ಲಿಲ್ಲ ಕಣೇ. ಇದೇ ಇರಲಿ" ಎಂದಿರಿ.

ಮೊದಲ ಪ್ರಯೋಗ ನನ್ನ ಕಬ್ಬಿಣದ ಬೀರುವಿನ ಮೇಲೆ! ಉಜ್ಜಿದ ಬಾಗಿಲು ಕನ್ನಡಿಯಂತೆ, ಉಜ್ಜದ್ದು ಮಂಕು. ಈಗಲೂ ಹಾಗೆಯೇ ಇದೆ.

ಶನಿವಾರ ಕಾರಿನ ಸರದಿ. ರಬ್ಬರಿನ ಅಂಚುಗಳಿಗೆಲ್ಲ ನಾನು ಟೇಪು ಅಂಟಿಸಿದೆ. ಬಿಲ್ಲೆಗೆ ಪಾಲಿಶಿನ ಬೊಟ್ಟಿಟ್ಟು ಬಾನೆಟ್ಟಿನ ಒಂದು ಮೂಲೆಯಲ್ಲಿ ಶುರು ಮಾಡಿದಿರಿ. ಒರೆಸಿದಾಗ ಅಲ್ಲಿ ಮೋಡ ಕಂಡಿತು, ಮೋಡದ ಕೆಳಗೆ ನಿಮ್ಮ ಮುಖ. ಇದುವರೆಗೆ ನಿಮಗೆ ಹೇಳಿಲ್ಲ ಅತ್ತೆ: ಆ ಮಷೀನಿನ ಗುಂಯ್ ಸದ್ದಿನೊಳಗೆ ನೀವು ಮತ್ತೆ ಗುನುಗುತ್ತಿದ್ದಿರಿ. ನಿಮಗೇ ಗೊತ್ತಿರಲಿಲ್ಲವೇನೋ. ನಾನು ಟೇಪು ಕೀಳುವ ನೆಪದಲ್ಲಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಣ್ಣೊರೆಸಿಕೊಂಡೆ. ಚಿಕ್ಕವಯಸ್ಸಿಗೇ ಅಮ್ಮನನ್ನು ಕಳೆದುಕೊಂಡವಳು ನಾನು. ಇಬ್ಬರು ಹೆಂಗಸರು ಒಂದೇ ಕೆಲಸಕ್ಕೆ ಬಗ್ಗಿದಾಗ ಹೀಗೆ ಎದೆ ತುಂಬುತ್ತದೆಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಬಂದ ಗೆಳೆಯರು ಕಾರಿನ ಸುತ್ತ ಸುತ್ತಿದ್ದೇ ಸುತ್ತಿದ್ದು. "ಇವತ್ತೇ ತಗೊಂಡು ಹೋಗ್ತೀನಿ" ಎಂದರು. ನೀವು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಕರೆದಿದ್ದು ಅವನು, ಮಾರಬೇಕಾದೋಳು ನಾನು. ನಾನು ಮಾರಲ್ಲ. ಕಾಫಿ ಕುಡಿದು ಹೋಗಿ" ಎಂದಿರಿ. ನಿಮ್ಮ ಮಗ ಪೆಚ್ಚಾಗಿ ನಿಂತವರು ಬಾನೆಟ್ಟಿನಲ್ಲಿ ತಮ್ಮ ಪೆಚ್ಚುಮುಖವನ್ನೇ ಕಂಡು ನಕ್ಕುಬಿಟ್ಟರು. "ಆಯ್ತಮ್ಮ, ಸೋತೆ" ಎಂದರು.

ಈಗ ಅದೇ ಕಾರನ್ನು ನೀವೇ ಓಡಿಸಿಕೊಂಡು ತಂಗಿಯ ಮನೆಗೆ ಹೋಗಿ ಕೂತಿದ್ದೀರಿ. ಇಲ್ಲಿ ಮನೆ ಬಿಕೋ ಎನ್ನುತ್ತಿದೆ. ಒಂದು ಸುದ್ದಿಯಿದೆ, ಇವರಿಗೂ ಇನ್ನೂ ಹೇಳಿಲ್ಲ. ಇವತ್ತು ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಕೊಟ್ಟುಬಂದೆ. ನೀವು ಬಂದ ಮೇಲೆ ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಬೈಯಬೇಕು, ಜೋರಾಗಿ ಬೈಯಬೇಕು.

ನಿಮ್ಮ ಕೈ ನೋಯದಿರಲಿ, ದಾರಿ ಸಲೀಸಾಗಿರಲಿ. ಬೇಗ ಬನ್ನಿ.

ದಾರಿ ಕಾಯುತ್ತಿರುವ,
ನಿಮ್ಮ ಸೊಸೆ